ಒಂದೇ ಜೀನಿಗೆ ಎರಡು ಹೆಸರು

ಅಬುಧಾಬಿಯ ಮೀನಾ ಬಂದರಿನಲ್ಲಿ ಹಡಗು ಭೋಂ ಎಂದಾಗಲೆಲ್ಲ ಟೂರಿಸ್ಟ್ ಕ್ಲಬ್ ಏರಿಯಾದ ಆ ಏಳನೇ ಮಹಡಿಯ ಅಡುಗೆಮನೆಯಲ್ಲಿ ಚಹಾದ ಲೋಟಗಳು ಒಂದನ್ನೊಂದು ಮುಟ್ಟಿ ಕಿಣಿಕಿಣಿ ಎನ್ನುತ್ತವೆ. ಆ ಗುರುವಾರ ಮಧ್ಯಾಹ್ನ ಹಡಗು ಕೂಗಿದ ಹೊತ್ತಿಗೇ ಸಫಿಯ್ಯ ಲ್ಯಾಪ್‌ಟಾಪಿನ ಗುಂಡಿ ಒತ್ತಿ, “ಹೋಯ್ತು!” ಎಂದು ಕೂಗಿದಳು.

ಹೋದದ್ದು ಒಂದು ಸಣ್ಣ ಟಿಪ್ಪಣಿ. ಭಟ್ಕಳದಲ್ಲಿ ಬಿ.ಎಸ್ಸಿ. ಪ್ರಾಣಿಶಾಸ್ತ್ರ ಓದಿ, ಮದುವೆಯಾಗಿ, ಗಂಡನ ವೀಸಾದಲ್ಲಿ ಅಬುಧಾಬಿಗೆ ಬಂದವಳು ಅವಳು. ಹಿಂದಿನ ವರ್ಷ ಮೀನು ಮಾರುಕಟ್ಟೆಯಲ್ಲಿ, ಬಲೆಗೆ ಸಿಕ್ಕಿ ಬಂದಿದ್ದ ಒಂದು ಸೀ ಅರ್ಚಿನ್, ಮೈತುಂಬ ಮುಳ್ಳಿನ ಕರಿ ಚೆಂಡು, ಅವಳ ಅಂಗೈ ಮೇಲೆ ಮೆಲ್ಲಗೆ ನಡೆದಿತ್ತು. ಅಂದಿನಿಂದ ಹುಚ್ಚು. ಇಂಟರ್‌ನೆಟ್ಟಿನಲ್ಲಿ ಹುಡುಕುತ್ತ ಹೋದವಳಿಗೆ ಒಂದು ಡೇಟಾಬೇಸ್ ಸಿಕ್ಕಿತು. ಅರ್ಚಿನ್ ಮೊಟ್ಟೆಯಿಂದ ಮರಿಯಾಗುವಾಗ ಯಾವ ಜೀನ್ ಎಲ್ಲಿ ಕೆಲಸ ಮಾಡುತ್ತದೆಂದು ದೇಶದೇಶದ ಲ್ಯಾಬಿನವರು ಅಲ್ಲಿ ಬರೆದಿಡುತ್ತಾರೆ. ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ಹೇಳಬಹುದು. ಅದಕ್ಕೆ ವೀಸಾ ಬೇಡ.

ಅವಳಿಗೆ ಕಂಡದ್ದು ಇಷ್ಟು. ಒಂದೇ ಜೀನ್ ಎರಡು ಹೆಸರಿಟ್ಟುಕೊಂಡು ಎರಡು ಪುಟಗಳಲ್ಲಿ ಕೂತಿತ್ತು. ಚಿತ್ರಗಳಲ್ಲೂ ಮರಿಯ ತೋಳಿನ ಅದೇ ತುದಿಯಲ್ಲಿ, ಜೀನ್ ಕೆಲಸ ಮಾಡುವ ಜಾಗ ತೋರಿಸುವ ಅದೇ ನೀಲಿ ಬಣ್ಣ.

“ನಮ್ಮ ಶುಕೂರ್ ಕಾಕನ ಹಾಗೆ,” ಎಂದ ಊಟಕ್ಕೆ ಮನೆಗೆ ಬಂದಿದ್ದ ಗಂಡ ಇಸ್ಮತುಲ್ಲಾ. ಅವನದು ಮೀನಾದಲ್ಲಿ ಕಾರ್ಪೆಟ್ ಅಂಗಡಿ. “ಅಮ್ಮನ ಕಡೆಯವರಿಗೆ ಬಾಬು, ಅಪ್ಪನ ಕಡೆಯವರಿಗೆ ಶುಕೂರ್. ಮದುವೆಯೂಟಕ್ಕೆ ಎರಡು ಜಾಗ ಹಿಡಿದಿಟ್ಟಿದ್ದರು. ಮಹಾಶಯ ಎರಡೂ ಕಡೆ ಕೂತು ಉಂಡ!”

“ನಗಬೇಡಿ. ಅವರು ಒಪ್ಪಿದರೆ, ಓದಿದ್ದು ಇನ್ನೂ ನನ್ನಲ್ಲಿದೆ ಅಂತ. ಇಲ್ಲದಿದ್ದರೆ ಖಲಾಸ್. ಮತ್ತೆ ಆ ಪುಟ ತೆರೆಯೋದಿಲ್ಲ.”

ಆಗಿನ್ನೂ ಅಬುಧಾಬಿಯಲ್ಲಿ ಶುಕ್ರವಾರ, ಶನಿವಾರ ರಜೆ. ಅವಳು ಶಾಂತವಾಗಿದ್ದಳು. ಭಾನುವಾರ ಶಾಲೆ, ಆಫೀಸು ಎಲ್ಲ ತೆರೆದವು. ಸಫಿಯ್ಯ ಪುಟವನ್ನು ತೆರೆದಳು, ಮುಚ್ಚಿದಳು, ತೆರೆದಳು. ಏನೂ ಇಲ್ಲ. ಸಂಜೆಗೆ ಅನ್ನ ತಳ ಹಿಡಿದಿತ್ತು. “ಇಡೀ ದಿನ ಆಫೀಸಿನಲ್ಲಿದ್ದೂ ಒಂದು ಮಾತು ಬರೆಯಲಿಲ್ಲ. ಬೇಡವೆಂದೇ ಅರ್ಥ,” ಎಂದು ತನ್ನ ಖಾತೆಯನ್ನೇ ಅಳಿಸಲು ಕೂತಳು.

ಮಗಳು ಅರ್ವಾ ಹೋಂವರ್ಕಿನಿಂದ ತಲೆಯೆತ್ತಿದಳು. “ಮಮ್ಮಾ, ಆ ಲ್ಯಾಬಿನವರ ದೇಶದಲ್ಲಿ ಸಂಡೇ ಹಾಲಿಡೇ!”

ಸಫಿಯ್ಯಳ ಬೆರಳು ಅಲ್ಲೇ ನಿಂತಿತು. ಇಷ್ಟು ವರ್ಷ ಭಾನುವಾರ ಬೆಳಿಗ್ಗೆ ಊಟದ ಡಬ್ಬಿ ಕಟ್ಟಿ ಕಟ್ಟಿ, ಲೋಕಕ್ಕೆಲ್ಲ ಅಂದು ಕೆಲಸವೆಂದೇ ನಂಬಿಬಿಟ್ಟಿದ್ದಳು. ತಾಯಿ ಮಗಳು ಸೋಫಾದಿಂದ ಜಾರಿ ನೆಲಕ್ಕೆ ಬಿದ್ದು ನಕ್ಕರು.

ಸೋಮವಾರ ಸಂಜೆ ಎರಡು ಪುಟ ಒಂದಾಗಿತ್ತು. ಅಡಿಯಲ್ಲಿ ಸಣ್ಣ ಅಕ್ಷರಗಳು: ಗುರುತಿಸಿದವರು, ಸಫಿಯ್ಯ, ಅಬುಧಾಬಿ.

ಕಾರ್ಪೆಟ್ ಅಂಗಡಿಗೆ ಅವಳು ಓಡುತ್ತಲೇ ಬಂದಳು, ಹಿಂದೆ ಅರ್ವಾ. “ಒಂದಾಯ್ತು!”

ಗಿರಾಕಿಯ ಮುಂದೆ ಕಾರ್ಪೆಟ್ ಬಿಡಿಸುತ್ತಿದ್ದ ಇಸ್ಮತುಲ್ಲಾ ಅವಳ ಕಾಲು ನೋಡಿದ. ಎಡಗಾಲಲ್ಲಿ ಅವಳದೇ ಚಪ್ಪಲಿ, ಬಲಗಾಲಲ್ಲಿ ಮಗಳದ್ದು. “ಜೀನ್ ಒಂದಾಯ್ತು, ಚಪ್ಪಲಿ ಎರಡಾಯ್ತು. ಕೂತುಕೋ, ಚಹಾ ತರಿಸ್ತೇನೆ.”

ಅವಳಾಗಲೇ ಮೀನು ಮಾರುಕಟ್ಟೆಯ ಕಡೆ ತಿರುಗಿದ್ದಳು. “ಚಹಾ ಆಮೇಲೆ. ಬಲೆಯಲ್ಲಿ ಇವತ್ತೂ ಅರ್ಚಿನ್ ಬಂದಿದೆಯಾ ನೋಡಬೇಕು. ಇನ್ನೊಂದು ಜೋಡಿ ಇದೆ, ಗೊತ್ತಾ, ಹೊಟ್ಟೆಯ ಹತ್ತಿರದ್ದು, ಅದೂ ಎರಡು ಪುಟದಲ್ಲಿ, ಅಂದರೆ ನೀವೇ ಯೋಚಿಸಿ, ಅದು ಕೂಡ…”