ದಾಸನಕೊಪ್ಪದಲ್ಲಿ ಮೂರು ದಿನ

ಆಗ ಶಿರಸಿಯಲ್ಲಿ ಸೈಕಲ್ಲು ಬಾಡಿಗೆಗೆ ಸಿಗುತ್ತಿತ್ತು. ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ತೊಂಬತ್ತರ ದಶಕದಲ್ಲಿ ಸ್ವಂತ ಸೈಕಲ್ಲಿದ್ದವರ ಗತ್ತೇ ಬೇರೆ. ಉಳಿದವರೆಲ್ಲ ಒಂದು ಗಂಟೆಗೆಂದು ಒಯ್ದು, ಬಿದ್ದು, ಮೊಣಕಾಲು ಕೆತ್ತಿಕೊಂಡು, ಹೊತ್ತಾಯಿತೆಂದು ಓಡೋಡಿ ಬಂದು ಒಪ್ಪಿಸುತ್ತಿದ್ದರು. ಹಾಗೆ ಒಪ್ಪಿಸಿಕೊಳ್ಳುತ್ತಿದ್ದವ ನನ್ನ ಅಪ್ಪ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಇಳಿದರೆ ನಮ್ಮ ಅಂಗಡಿ, ಅದರ ಬೆನ್ನಿಗೇ ಮನೆ. ಪಂಕ್ಚರ್ ಸೊಲ್ಯೂಷನ್ನಿನ ವಾಸನೆ ಅಂಗಡಿಯಿಂದ ಅಡುಗೆಮನೆಯವರೆಗೂ ಬರುತ್ತಿತ್ತು. ಆಯಿ, ಎಂದರೆ ನನ್ನ ಅಮ್ಮ, ಮಾಡಿದ ಸಾರಿಗೂ ಅದೇ ವಾಸನೆ ಎಂದು ಹೇಳಿ ನಾನು ಬೈಸಿಕೊಂಡದ್ದುಂಟು.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ಅಣ್ಣನಿಗೆ ಹುಚ್ಚು ಹಿಡಿಯಿತು. ಇದು ನನ್ನ ಮಾತಲ್ಲ, ಅಪ್ಪನದು. ಅಣ್ಣನಿಗೆ ಆಗ ಇಪ್ಪತ್ತೆರಡು. ಜಮ್ಮುವಿನ ತನಕ ರೈಲಿನಲ್ಲಿ ಹೋಗಿ, ಅಲ್ಲಿಂದ ಕನ್ಯಾಕುಮಾರಿಗೆ ಸೈಕಲ್ ತುಳಿದು, ಮತ್ತೆ ತುಳಿದುಕೊಂಡೇ ಶಿರಸಿಗೆ ಬರುತ್ತೇನೆಂದು ಹಟ ಹಿಡಿದ. ಒಂದು ಭಾನುವಾರ ಸಿದ್ದಾಪುರ, ಇನ್ನೊಂದು ಭಾನುವಾರ ಯಲ್ಲಾಪುರ ಎಂದು ತಿಂಗಳುಗಟ್ಟಲೆ ತಾಲೀಮು ಮಾಡಿದ. ಅಪ್ಪನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ.

“ದೇಶ ಸುತ್ತಿ ಬಂದು ಎಂತ ಮಾಡ್ತಿ? ಮತ್ತೆ ಇದೇ ಪಂಕ್ಚರ್ ಹಾಕೂದಲ್ವನಾ?”

“ಹಾಕ್ತೆ. ನೋಡ್ಕಂಡು ಬಂದು ಹಾಕ್ತೆ,” ಅಂದ ಅಣ್ಣ.

“ಹಂಗಾದ್ರೆ ಹೋಗು. ನಂಗೆ ಹೇಳಿ ಹೋಗೂದು ಬೇಡ.”

ಹೊರಡುವ ಎರಡು ದಿನ ಮೊದಲು ಮಾತ್ರ, “ಇಂವ ಕಟ್ಟಿದ ಗಾಲಿ ದಿಲ್ಲಿ ದಾಟೂದಿಲ್ಲ” ಎಂದು ಗೊಣಗುತ್ತ ಹಿಂದಿನ ಗಾಲಿ ಬಿಚ್ಚಿ, ಕಡ್ಡಿಗಳನ್ನೆಲ್ಲ ತಾನೇ ಹೊಸದಾಗಿ ಕಟ್ಟಿ, ತಿರುಗಿಸಿ ತಿರುಗಿಸಿ ಓರೆ ನೋಡಿದ. ಆದರೆ ಹೊರಡುವ ದಿನ ಎದ್ದು ಬರಲಿಲ್ಲ. ರಸ್ತೆಗೆ ಬೆನ್ನು ಹಾಕಿ ಕೂತು, ತೂತೇ ಇಲ್ಲದ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ಅಣ್ಣ ಬಾಗಿಲಲ್ಲಿ ಒಂದು ಗಳಿಗೆ ನಿಂತ. ಅಪ್ಪ ತಿರುಗಲಿಲ್ಲ. ಅಣ್ಣ ಹೊರಟುಹೋದ.

ಆಮೇಲೆ ಕಾರ್ಡುಗಳು ಬರತೊಡಗಿದವು. ಎಲ್ಲವೂ ಆಯಿಯ ಹೆಸರಿಗೆ. ಅಪ್ಪ ತನಗೆ ಸಂಬಂಧವೇ ಇಲ್ಲದವನಂತೆ ಸ್ಪ್ಯಾನರ್ ಹಿಡಿದಿರುತ್ತಿದ್ದ, ನಾನು ಮಾತ್ರ ಅಂಗಡಿಯಲ್ಲೇ ನಿಂತು ಗಟ್ಟಿಯಾಗಿ ಓದುತ್ತಿದ್ದೆ. ಒಂದು ದಿನ, “ಎಂತ ಗಾಡಿ ಓಡಸ್ದಂಗೆ ಓದ್ತಿ? ಸಾವಕಾಶ ಓದು,” ಅಂದ. ಮರುದಿನ ನೋಡಿದರೆ ಅಂಗಡಿಯ ಗೋಡೆಗೆ ಭಾರತದ ನಕ್ಷೆ ಬಂದಿತ್ತು. ಟ್ಯೂಬಿಗೆ ಹಚ್ಚುವ ಕೆಂಪು ರಬ್ಬರಿನಿಂದ ಹೆಸರುಕಾಳಿನಷ್ಟು ಚೂರು ಕತ್ತರಿಸಿ, ಸೊಲ್ಯೂಷನ್ ಸವರಿ, ಕಾರ್ಡು ಬಂದ ಊರಿನ ಮೇಲೆ ಅಪ್ಪನೇ ಅಂಟಿಸುತ್ತಿದ್ದ. ದಿಲ್ಲಿ, ಆಗ್ರಾ, ನಾಗಪುರ, ಹೈದರಾಬಾದ್. ಬಾಡಿಗೆಗೆ ಬಂದ ಹುಡುಗರನ್ನೆಲ್ಲ ಹಿಡಿದು ನಿಲ್ಲಿಸಿ, “ನಮ್ಮ ಮಾಣಿ ಈಗ ಇಲ್ಲಿ ಇದ್ದ” ಎಂದು ತೋರಿಸುವುದು ಬೇರೆ. ಮನೆಯೊಳಗೆ ಮಾತ್ರ ಆ ಮಾತು ಎತ್ತುತ್ತಿರಲಿಲ್ಲ. ಆಯಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಅಣ್ಣ ಹೋದ ಮೇಲೆ ಒಮ್ಮೆ ಅಪ್ಪನಿಗೆ ಎದೆನೋವು ಬಂದಿತ್ತು. ಡಾಕ್ಟರು ಭಾರ ಎತ್ತಬೇಡ ಅಂದಿದ್ದರು. ಅಂಗಡಿಯಲ್ಲಿ ಸೈಕಲ್ ಟ್ಯೂಬಿನ ಮೂತಿಗೆ ಹಾಕುವ ವಾಲ್‌ಟ್ಯೂಬಿನ ಡಬ್ಬಿಯಲ್ಲಿ ಮಾತ್ರೆ ಇರುತ್ತಿದ್ದವು. ಇದೊಂದೂ ಅಣ್ಣನಿಗೆ ಗೊತ್ತಾಗಬಾರದೆಂದು ಅಪ್ಪನ ಕಟ್ಟಪ್ಪಣೆ. ಗೊತ್ತು ಮಾಡೋಣವೆಂದರೂ ದಿನಕ್ಕೊಂದು ಊರಿನಲ್ಲಿರುವವನಿಗೆ ಯಾವ ವಿಳಾಸ?

ಕನ್ಯಾಕುಮಾರಿಯ ಕಾರ್ಡು ಬಂದ ದಿನ ಊರಿಗೇ ಹಬ್ಬ. ಯುವಕರು ಕೂಡಿ ಸ್ವಾಗತ ಸಮಿತಿ ಮಾಡಿಕೊಂಡರು. ಅಣ್ಣ ಯಾವಾಗ ಬರಬಹುದೆಂದು ಅಂದಾಜು ಹಾಕಿ ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪುರಪ್ರವೇಶ ಎಂದು ಆಮಂತ್ರಣ ಪತ್ರಿಕೆಯನ್ನೂ ಅಚ್ಚು ಹಾಕಿಸಿದರು. ಡೊಳ್ಳು, ಹಾರ, ಭಾಷಣಕ್ಕೆ ದೊಡ್ಡವರು, ಎಲ್ಲ ನಿಕ್ಕಿ. ಸೈಕಲ್ ಮೇಲೆ ಬರುವ ಮನುಷ್ಯ ಪತ್ರಿಕೆ ನೋಡಿಕೊಂಡು ತುಳಿಯುವುದಿಲ್ಲವೆಂದು ಯಾರಿಗೂ ಹೊಳೆಯಲಿಲ್ಲ.

ಗುರುವಾರ ಸಂಜೆ ಪಕ್ಕದ ಎಸ್‌ಟಿಡಿ ಬೂತಿನ ಶಾಂತಕ್ಕ ಕೂಗಿದಳು. ಆಯಿ ಆಲೆಮನೆಗೆ ಕಬ್ಬಿನ ಹಾಲು ತರಲು ಹೋಗಿದ್ದಳು, ಅಪ್ಪನ ಕೈಯೆಲ್ಲ ಗ್ರೀಸು. ನಾನು ಓಡಿದೆ.

“ತಂಗೀ, ನಾನೇ. ಈಗ ದಾಸನಕೊಪ್ಪದಲ್ಲಿ ಇದ್ದೆ.”

ನಾನು ಕಿರುಚುವವಳಿದ್ದೆ. “ಕೂಗ್ಬೇಡ, ಕೂಗ್ಬೇಡ,” ಎಂದು ನಗುತ್ತಿದ್ದ. “ಬನವಾಸಿಯಿಂದ ಗೆಳೆಯರಿಗೆ ಫೋನ್ ಮಾಡಿದ್ದೆ, ಅವರೇ ಸಮಿತಿ ಮಾಡ್ಕಂಡಿದಾರೆ. ಈಗಲೇ ಬಂದ್ಬಿಟ್ರೆ ಭಾನುವಾರ ಯಾರ ಪುರಪ್ರವೇಶ ಮಾಡೂದು ಮಾರಾಯ ಅಂತ್ರು. ಇಲ್ಲೇ ಅವರ ಪರಿಚಯದವರ ಅಂಗಡಿಯಲ್ಲಿ ಉಳಸಿದಾರೆ. ಮನೆಯಲ್ಲಿ ಹೇಳ್ಬೇಡ, ಹಂ? ಆ ಡೊಳ್ಳು, ಆ ಜನ ಎಲ್ಲಾ ಅಪ್ಪ ಕಣ್ಣಾರೆ ನೋಡ್ಲಿ. ಆಗಾದ್ರೂ ಸಿಟ್ಟು ಇಳೀತದೆ.”

“ಇಲ್ಲ, ಹೇಳೂದಿಲ್ಲ,” ಅಂದೆ.

ನನಗೆ ಗುಟ್ಟು ಇಟ್ಟುಕೊಳ್ಳುವುದೆಂದರೆ ಬಲು ಹೆಮ್ಮೆ. ಹೊಟ್ಟೆಯೊಳಗೆ ಬೆಲ್ಲ ಇಟ್ಟುಕೊಂಡಂತೆ ತಿರುಗಾಡಿದೆ. ದಾಸನಕೊಪ್ಪವೆಂದರೆ ದೇಶವನ್ನೇ ದಾಟಿ ಬಂದವನಿಗೆ ಗಂಟೆ, ಗಂಟೆಕಾಲಿನ ದಾರಿ. ಗೋಡೆಯ ನಕ್ಷೆಯಲ್ಲಿ ಅವನಿನ್ನೂ ಕೊಯಮತ್ತೂರಿನಲ್ಲಿದ್ದ, ಏಕೆಂದರೆ ಆಮೇಲಿನ ಕಾರ್ಡು ಬಂದಿರಲಿಲ್ಲ.

“ಫೋನು ಯಾರದ್ದೇ?” ಅಪ್ಪ ಕೇಳಿದ.

“ರಾಂಗ್ ನಂಬರು.”

ಶುಕ್ರವಾರ ಅಪ್ಪ ನಕ್ಷೆಯ ಮುಂದೆ ನಿಂತು, “ಈಗ ಎಲ್ಲಿಗೆ ಬಂದಿರಬಹುದೇ?” ಎಂದು ಕೇಳಿದ. ನನಗೆ ನಗು ತಡೆಯಲಾಗಲಿಲ್ಲ. “ನಂಗೆಂತ ಗೊತ್ತು? ಇನ್ನೂ ದೂರ ಇರಬಹುದು,” ಅಂದೆ. ಅಪ್ಪ ಕೊಯಮತ್ತೂರಿಗೂ ಶಿರಸಿಗೂ ನಡುವೆ ಗೇಣು ಹಾಕಿ ನೋಡಿದ. ಆಮೇಲೆ ಡಬ್ಬಿಯಿಂದ ಒಂದು ಮಾತ್ರೆ ತೆಗೆದು ಬಾಯಿಗೆ ಹಾಕಿಕೊಂಡ. ಅದು ನನ್ನ ಕಣ್ಣಿಗೆ ಬಿದ್ದಿತ್ತು, ಆದರೆ ತಲೆಗೆ ಹೋಗಲಿಲ್ಲ.

ಶನಿವಾರ ಬೆಳಿಗ್ಗೆ ಆಯಿ ಅಣ್ಣನಿಗೆಂದು ತೊಡದೇವು ಎರೆಯಲು ಕೂತಿದ್ದಳು. ಬೋರಲು ಹಾಕಿದ ಮಡಕೆಯ ಮೇಲೆ ಕಬ್ಬಿನ ಹಾಲಿನ ಹಿಟ್ಟು ಬಟ್ಟೆಯಿಂದ ಎಳೆದರೆ ಕಾಗದದಂತೆ ಏಳುತ್ತಿತ್ತು. ಹರಿದ ಮೊದಲನೆಯದು ನನಗೆ. ಅದನ್ನು ತಿನ್ನುತ್ತ ಶಾಲೆಗೆ ಹೊರಟಾಗ ಅಪ್ಪ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ. ಅಷ್ಟು ಹೊತ್ತಿಗೆ ಯಾವತ್ತೂ ಕೂತವನಲ್ಲ. ಅಣ್ಣನಂತೆ ಅವನೂ ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದ.

“ತಂಗೀ, ಅಂವ ಬಂದವ ಸೀದಾ ಮನೆಗೆ ಬರ್ತ್ನೋ ಇಲ್ವೋ. ನಾ ಅವತ್ತು ತಿರುಗಿ ನೋಡ್ಲಿಲ್ಲ.”

ಇಷ್ಟು ಮೆತ್ತಗೆ ಅಪ್ಪ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮಾತು ನಾಲಿಗೆಯ ತುದಿಗೆ ಬಂತು. ಅಪ್ಪಾ, ದಾಸನಕೊಪ್ಪದಲ್ಲೇ ಇದ್ದಾನೆ, ಈಗಲೇ ಕರೆದರೆ ಊಟಕ್ಕೆ ಮನೆಯಲ್ಲಿರುತ್ತಾನೆ. ಇಷ್ಟೇ ಹೇಳಬೇಕಿತ್ತು. ಒಂದೇ ದಿನ ಉಳಿದಿದೆಯಲ್ಲ ಎಂದು ನುಂಗಿಕೊಂಡೆ.

“ಅಂವ ಬರ್ತಾ, ಬರ್ತಾ. ಎಲ್ಲಿಗೆ ಹೋಗ್ತಾ?” ಎಂದು ದೊಡ್ಡವಳಂತೆ ಹೇಳಿ ಶಾಲೆಗೆ ಓಡಿದೆ.

ಶನಿವಾರ ಅರ್ಧ ದಿನ ಶಾಲೆ. ಬಿಟ್ಟು ಬಂದಾಗ ಅಂಗಡಿಯ ಮುಂದೆ ಜನ. ಅಪ್ಪನನ್ನು ಅದೇ ಬೆಂಚಿನ ಮೇಲೆ ಮಲಗಿಸಿದ್ದರು, ಜೀವ ಹೋಗಿಯಾಗಿತ್ತು. ಆಯಿಯ ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು. ನಾನು ಅಳುವ ಮೊದಲು ಶಾಂತಕ್ಕನ ಸೆರಗು ಹಿಡಿದು, “ದಾಸನಕೊಪ್ಪಕ್ಕೆ ಫೋನ್ ಮಾಡು” ಅಂದೆನಂತೆ. ಸಮಿತಿಯವರಿಂದ ಆ ಅಂಗಡಿಯ ನಂಬರು ಇಸಿದುಕೊಂಡು ಅವಳೇ ಮಾಡಿದಳು.

ಅಣ್ಣ ತುಳಿದುಕೊಂಡೇ ಬಂದ. ಯಾರೋ ಜೀಪು ತರುತ್ತೇನೆಂದರೂ ನಿಲ್ಲಲಿಲ್ಲವಂತೆ. ಊರ ಬಾಗಿಲಲ್ಲಿ ಭಾನುವಾರಕ್ಕೆಂದು ಕಮಾನು ಕಟ್ಟುತ್ತಿದ್ದ ಇಬ್ಬರು, ಸುದ್ದಿ ಗೊತ್ತಿಲ್ಲದೆ, ಅವನನ್ನು ಕಂಡು ಏಣಿಯ ಮೇಲಿಂದಲೇ ಚಪ್ಪಾಳೆ ತಟ್ಟಿದರು. ದೇಶದ ಆ ತುದಿಯಿಂದ ಈ ತುದಿಗೆ ಹೋಗಿ ಬಂದವನಿಗೆ ನಮ್ಮೂರಿನಲ್ಲಿ ಸಿಕ್ಕ ಸ್ವಾಗತ ಅದೊಂದೇ. ಅಂಗಡಿಯ ಮುಂದೆ ಸೈಕಲ್ಲು ಕೈಬಿಟ್ಟ, ಅದು ಬಿತ್ತು, ಯಾರೂ ಎತ್ತಲಿಲ್ಲ. ಬಿಸಿಲಿಗೆ ಅವನ ಮುಖ ಎಷ್ಟು ಕಪ್ಪಾಗಿತ್ತೆಂದರೆ ಆಯಿಗೆ ಮೊದಲು ಗುರುತೇ ಹತ್ತಲಿಲ್ಲ.

ಸಂಜೆ ದಾಸನಕೊಪ್ಪದ ಆ ಅಂಗಡಿಯವರು ಬಸ್ಸಿನಲ್ಲಿ ಬಂದರು. ಜಗಲಿಯ ತುದಿಯಲ್ಲಿ ಟೊಪ್ಪಿಗೆ ಕೈಯಲ್ಲಿ ಹಿಡಿದು ಕೂತು ಆಯಿಗೆ ಹೇಳಿದರು: “ಹುಡುಗ ಕುಂತಲ್ಲಿ ಕುಂಡ್ರಲಿಲ್ರಿ ಅವ್ವಾರ. ಮನಿಗೆ ಹೋಗಿ ಅಪ್ಪನ ಮಾರಿ ನೋಡಿ ಬರ್ತೇನಿ ಅಂತಿದ್ದ. ನಾವ ಬರ್ರಿ, ಉಣ್ರಿ, ಎರಡ ದಿನದಾಗ ಏನಾಗ್ತೈತಿ ಅಂತ ಹಿಡದ ಕುಂಡ್ರಿಸಿದ್ವಿ. ತಪ್ಪಾತ್ರಿ.” ಯಾರ ತಪ್ಪೆಂದು ನನಗೊಬ್ಬಳಿಗೇ ಸರಿಯಾಗಿ ಗೊತ್ತಿತ್ತು. ನಾನು ಕಂಬದ ಹಿಂದೆ ನಿಂತಿದ್ದೆ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅಣ್ಣ ಅಂಗಡಿಯಲ್ಲಿ ನನ್ನನ್ನು ಹತ್ತಿರ ಕರೆದ. ನಕ್ಷೆಯನ್ನೇ ನೋಡುತ್ತಿದ್ದ.

“ಇದು ಯಾರು ಅಂಟಿಸಿದ್ದೇ?”

“ನಾನು,” ಅಂದೆ. ಅಪ್ಪ ಎಂದಿದ್ದರೆ ಮಾತು ಮುಂದುವರಿಯುತ್ತಿತ್ತು.

“ಕಡೇ ದಿನಗಳಲ್ಲಿ ಅಪ್ಪ ನನ್ನ ಕೇಳಿದ್ನೇನೇ?”

ಕೇಳಿದ್ದ ಎಂದರೆ ಮುಂದಿನ ಪ್ರಶ್ನೆ ಯಾವುದೆಂದು ನನಗೆ ಗೊತ್ತಿತ್ತು: ಮತ್ತೆ ನೀನು ಎಂತ ಹೇಳಿದೆ? ಆ ಪ್ರಶ್ನೆಗೆ ಹೆದರಿದೆ. “ಇಲ್ಲ,” ಅಂದೆ. ಅಣ್ಣ ತಲೆ ಅಲ್ಲಾಡಿಸಿ ಎದ್ದುಹೋದ.

ಅವನು ಮತ್ತೆ ಸೈಕಲ್ಲು ಹತ್ತಲಿಲ್ಲ. ಒಂದೆರಡು ವರ್ಷದಲ್ಲಿ ಅಂಗಡಿ ಮುಚ್ಚಿ, ಗೂಡ್ಸ್ ಗಾಡಿ ಓಡಿಸಲು ಕಲಿತ. ಬಾಡಿಗೆ ಸೈಕಲ್ಲು ಹೋಯಿತು, ಕಾರ್ಡು ಹೋಯಿತು, ಶಾಂತಕ್ಕನ ಬೂತೂ ಹೋಯಿತು. ಅವು ಎಲ್ಲರಿಗೂ ಹೋದವು, ಅದಕ್ಕೆ ನಾನು ಅಷ್ಟು ಅಳುವುದಿಲ್ಲ. ನನಗೆ ಸಂಕಟ ಬೇರೆಯದು. ದೇಶವನ್ನೇ ದಾಟಿ ಬಂದ ಒಬ್ಬ ಮನುಷ್ಯ ನಮ್ಮ ಮನೆಯಲ್ಲಿದ್ದ, ಆದರೆ ಅವನು ಕಂಡದ್ದನ್ನು ನಾವು ಯಾರೂ ಕೇಳಲಿಲ್ಲ. ದಾರಿಯಲ್ಲಿ ಯಾರ ಮನೆಯಲ್ಲಿ ಉಂಡ, ಎಲ್ಲಿ ಜ್ವರ ಬಂತು, ಕನ್ಯಾಕುಮಾರಿಯಲ್ಲಿ ಸಮುದ್ರ ನೋಡಿ ಏನನ್ನಿಸಿತು, ಒಂದೂ ಗೊತ್ತಿಲ್ಲ. ನನ್ನ ಮಕ್ಕಳು ಕೇಳಿದರೆ, “ಆ ಹುಚ್ಚಿನ ಸುದ್ದಿ ಬಿಡಿ, ಅಪ್ಪಂಗೆ ಕಡೇ ತನಕ ಸಿಟ್ಟು ಇಳೀಲಿಲ್ಲ” ಎನ್ನುತ್ತಾನೆ. ನಕ್ಷೆಯ ಮಾತು ಆಯಿ ಎತ್ತಿದರೂ ತನ್ನ ಸಮಾಧಾನಕ್ಕೆ ಹೇಳುತ್ತಾಳೆಂದು ನಂಬಲಿಲ್ಲ, ಅಂಟಿಸಿದ್ದು ನಾನೆಂದು ನಾನೇ ಹೇಳಿದ್ದೆನಲ್ಲ. ಪ್ರತಿ ಸಲ ಬಾಯಿ ತೆರೆಯುತ್ತೇನೆ. ಹನ್ನೊಂದು ವರ್ಷದ ಹುಡುಗಿಗೆ ಕ್ಷಮೆ ಸಿಗುತ್ತಿತ್ತೋ ಏನೋ, ಇಷ್ಟು ವರ್ಷ ಸುಮ್ಮನಿದ್ದ ಈ ಹೆಂಗಸಿಗೆ ಸಿಗಲಾರದು ಎಂದು ಮತ್ತೆ ಮುಚ್ಚುತ್ತೇನೆ.

ಆಡಲಾಗದ್ದನ್ನು ಬರೆದರೆ ಅಣ್ಣ ಓದುತ್ತಾನೆ. ಅಣ್ಣಾ, ಅಪ್ಪ ನಿನ್ನನ್ನು ಕೇಳಿದ್ದ. ಸಾಯುವ ದಿನ ಬೆಳಿಗ್ಗೆಯೂ ಕೇಳಿದ್ದ.