ಉತ್ತರ ಬಂದಾಗ ಕೇಶರಬಾಯಿ ಊರಲ್ಲಿರಲಿಲ್ಲ

ಅದು ಮಳೆ ಕೈಕೊಟ್ಟ ಎರಡನೇ ವರ್ಷ, ೨೦೧೫ರ ಸೆಪ್ಟೆಂಬರ್. ಠಾಣಾ ಕುಶನೂರಿನಲ್ಲಿ ತೊಗರಿ ಮೊಣಕಾಲೆತ್ತರಕ್ಕೇ ಒಣಗಿ ನಿಂತಿತ್ತು. ಊರಿನ ಆಶಾ ಕಾರ್ಯಕರ್ತೆ ಗಿರಿಜಾಬಾಯಿ ಮನೆಮನೆ ಸಮೀಕ್ಷೆಗೆ ಹೋದಾಗ ಕೇಶರಬಾಯಿಯ ಎಡ ಮೊಣಕೈ ಕೆಳಗೆ ರೂಪಾಯಿಯಗಲದ ಬಿಳಚು ಮಚ್ಚೆ ಕಂಡಿತು. ಕೇಶರಬಾಯಿಗೆ ಇಪ್ಪತ್ತಾರು ವರ್ಷ. ಮುಟ್ಟಿದರೆ ಒಮ್ಮೆ ಗೊತ್ತಾಗುತ್ತದೆ, ಒಮ್ಮೆ ಇಲ್ಲ ಎಂದಳು.

ಗಿರಿಜಾಬಾಯಿ ತಾನೇ ಅವಳನ್ನು ಬಸ್ಸು ಹತ್ತಿಸಿಕೊಂಡು ಬೀದರಿಗೆ ಕರೆದೊಯ್ದಳು. ಚರ್ಮ ಗೀರಿ ನೋಡಿದ ಡಾಕ್ಟರಿಗೆ ಕುಷ್ಠದ ಕ್ರಿಮಿ ಕಾಣಲಿಲ್ಲ. ಆದರೂ ಅನುಮಾನ ಹೋಗದೆ, ಕಾಳಿನಷ್ಟು ಚರ್ಮ ತೆಗೆದು ಪಿಸಿಆರ್ ಪರೀಕ್ಷೆಗೆಂದು ಹೈದರಾಬಾದಿಗೆ ಕಳಿಸಿದರು. ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಕಡಿಮೆ ಕ್ರಿಮಿ ಇದ್ದರೂ ಅದರಲ್ಲಿ ಗುರುತು ಸಿಗಬಹುದು, ಈಗಲೇ ಸಿಕ್ಕರೆ ಗುಳಿಗೆಯಲ್ಲೇ ವಾಸಿಯಾಗುತ್ತದೆ, ಕೈ ಉಳಿಯುತ್ತದೆ ಎಂದರು.

ಉತ್ತರ ಬಂದದ್ದು ತಿಂಗಳ ಮೇಲೆ. ಕ್ರಿಮಿ ಇತ್ತು. ಗಿರಿಜಾಬಾಯಿ ಓಡಿಹೋದರೆ ಬಾಗಿಲಿಗೆ ಬೀಗ. ಗಂಡ ಕಾಶೀರಾಮನ ಜೊತೆ ಕೇಶರಬಾಯಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿ ನಾಲ್ಕು ದಿನವಾಗಿತ್ತು. ಫೋನ್ ಬಂದ್. ಯಾವ ಕಾರ್ಖಾನೆಯ ಕಡೆ ಹೋದರೆಂದು ಪಕ್ಕದ ಓಣಿಯಲ್ಲಿದ್ದ ಅತ್ತೆಗೂ ತಿಳಿಯದು. ಗಿರಿಜಾಬಾಯಿ ಭಾಲ್ಕಿಯ ತನ್ನ ತವರಿಗೆ ಹೋದಾಗ ಅಲ್ಲಿಂದ ಕಬ್ಬಿಗೆ ಹೋದ ಕೂಲಿಗಳ ಮನೆಗಳಲ್ಲೂ ವಿಚಾರಿಸಿದಳು. ಯಾರೂ ಕಂಡಿರಲಿಲ್ಲ. ಅವರು ಹೋಗುವ ಮುನ್ನ ಎಲ್ಲಿಗೆಂದು ಒಮ್ಮೆ ಕೇಳಿಟ್ಟುಕೊಳ್ಳಬಾರದಿತ್ತೇ ಎಂದು ಚಳಿಗಾಲವಿಡೀ ತನ್ನನ್ನೇ ಹಳಿದುಕೊಂಡಳು.

ಏಪ್ರಿಲ್‌ನಲ್ಲಿ ಕೇಶರಬಾಯಿ ಮರಳಿದಾಗ ಎಡಗೈಯ ಕಿರುಬೆರಳು, ಉಂಗುರಬೆರಳು ಒಳಕ್ಕೆ ಬಾಗಿದ್ದವು. ಅಂಗೈಯ ಅಂಚಿನಲ್ಲಿ ಸುಟ್ಟ ಕಲೆ.

"ಬಿಸಿ ತವಾ ಹಿಡದ್ರೂ ಗೊತ್ತಾಗ್ಲಿಲ್ರಿ ಅಕ್ಕಾ. ನೋವಿಲ್ಲಲ್ಲ, ಛಲೋ ಆತು ಅಂತ ತಿಳಕೊಂಡಿದ್ನಿ" ಎಂದಳು.

"ನಿನ್ನ ರೋಗ ಆವಾಗೇ ಸಿಕ್ಕಿತ್ತವ್ವ." ಗಿರಿಜಾಬಾಯಿ ತಲೆ ಎತ್ತಲಿಲ್ಲ. "ನೀ ಸಿಗಲಿಲ್ಲ."

ಆ ವಾರವೇ ಗುಳಿಗೆ ಶುರುವಾಯಿತು. ಕೇಶರಬಾಯಿ ಒಂದು ದಿನವೂ ತಪ್ಪಿಸಲಿಲ್ಲ. ಮಚ್ಚೆ ಮಾಸಿತು, ರೋಗ ನಿಂತಿತು. ಬೆರಳು ಮಾತ್ರ ನೆಟ್ಟಗಾಗಲಿಲ್ಲ.

ಕಬ್ಬಿಗೆ ಆಳು ಕರೆದೊಯ್ಯುವ ಮುಕಾದಮರಿಗೆ ಇಬ್ಬರ ಜೋಡಿಯೇ ಬೇಕು, ಸಾಮಾನ್ಯವಾಗಿ ಗಂಡಹೆಂಡತಿ. ದಸರೆ ಕಳೆದು ಲಾರಿ ಬಂದಾಗ ಮುಕಾದಮ ಅವಳ ಕೈ ನೋಡಿ, ಕಬ್ಬು ಹಿಡಿಯಲಾಗದವಳು ಬೇಡವೆಂದ. ಕಾಶೀರಾಮ ತಮ್ಮನನ್ನು ಜೋಡಿ ಮಾಡಿಕೊಂಡು ಹತ್ತಿದ. ಹೆಂಡತಿಯ ಕಡೆ ತಿರುಗಿ ನೋಡಲು ಅವನಿಗೂ ಆಗಲಿಲ್ಲ.

ಲಾರಿ ಔರಾದ ರಸ್ತೆಗೆ ಹೊರಳುವವರೆಗೂ ಕೇಶರಬಾಯಿ ನಿಂತೇ ಇದ್ದಳು. ಗಿರಿಜಾಬಾಯಿ ಹತ್ತಿರ ಹೋಗಿ ನಿಂತಳು.