ಗಿರಣಿ ಸಿದ್ದವ್ವನ ಓಂಕಾರ

ದಾಸನಕೊಪ್ಪದ ಹಿಟ್ಟಿನ ಗಿರಣಿಯ ಸಿದ್ದವ್ವ ನಗಲು ಶುರು ಮಾಡಿದರೆ ಮೋಟರಿನ ಸದ್ದೂ ಕೇಳುವುದಿಲ್ಲ. ಅಂಥ ಹೆಂಗಸು ಆವತ್ತು ಗಂಡನ ಮುಂದೆ ತಾಟನ್ನು ಠಣ್ ಅಂತ ಕುಕ್ಕಿದಳು. ಗಂಡ ಶಿವಲಿಂಗಪ್ಪ ಪಕ್ಷದ ಬೂತ್ ಅಧ್ಯಕ್ಷ. ಅವನ ತಲೆಯಲ್ಲಿ ಸಾಲಾಗಿ ದೇಶ, ಧರ್ಮ, ಗೋವು, ಶಿಸ್ತು. ಆಮೇಲೆ ಜಾಗ ಉಳಿದಿದ್ದರೆ ಹೆಂಡತಿ. ಈ ಸಲ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಅಂತ ಮೇಲಿನವರು ಹೇಳಿ ಕಳಿಸಿದ್ದರು. ಸಿದ್ದವ್ವನಿಗೆ ಅದು ಬೇಕಿತ್ತು. ಯಾಕೆ ಬೇಡ? ಮದುವೆಯಾಗಿ ಬಂದಾಗಿನಿಂದ ಪಕ್ಷದ ಪ್ರತಿ ಸಭೆಗೂ ಅವಲಕ್ಕಿ ಕಲಸಿದವಳು, ಪ್ರತಿ ಚುನಾವಣೆಗೂ ಕೇರಿ ಕೇರಿ ತಿರುಗಿದವಳು ಅವಳೇ ಅಲ್ಲವೇ!

"ನಿನ್ನ ಹೆಸರು ಹೇಳಾಕ ಬರಂಗಿಲ್ಲ," ಅಂದ ಶಿವಲಿಂಗಪ್ಪ, ರೊಟ್ಟಿ ಮುರಿಯುತ್ತ. "ಗಂಡ ಇಳದು ಹೆಂಡತಿ ಏರಿದರ ಅದು ವಂಶ ರಾಜಕಾರಣ. ನಮ್ಮ ಸಿದ್ಧಾಂತಕ್ಕ ವಿರುದ್ಧ."

"ವಂಶ? ನಾ ಏನ್ ನಿಮ್ಮ ಹೊಟ್ಟ್ಯಾಗ ಹುಟ್ಟೇನೇನ್ರಿ?"

"ಶಂಭುಲಿಂಗನ ಮಗಳು ಶಿಲ್ಪಾ ಆಗಲಿ."

"ಅಪ್ಪ ಉಪಾಧ್ಯಕ್ಷ, ಮಗಳು ಅಧ್ಯಕ್ಷೆ. ಅದು ವಂಶ ಅಲ್ಲೇನು?"

"ಅದು ಸಂಸ್ಕಾರ," ಅಂದ ಶಿವಲಿಂಗಪ್ಪ. ಸಿದ್ದವ್ವನಿಗೆ ನಗು ಉಕ್ಕಿ ಬಂತು. ಅಷ್ಟರಲ್ಲಿ ಅವನು ಇನ್ನೊಂದು ಮಾತು ಸೇರಿಸಿದ: "ಮತ್ತ ನೀ ಮೂಲದಾಕಿ ಅಲ್ಲ. ನಿಮ್ಮಪ್ಪ ನಿಮ್ಮೂರು ಬಿಳಗ್ಯಾಗ ಆ ಎದುರಿನ ಪಕ್ಷದ ಬಾವುಟ ಕಟ್ಟತಿದ್ದ."

ನಗು ಅಲ್ಲೇ ಆರಿತು. ಮೂಲದವರು ಅಂದರೆ ಪಕ್ಷಕ್ಕೆ ನಾಲ್ಕು ಮತ ಬೀಳುತ್ತಿದ್ದ ಕಾಲದಿಂದ ಇದ್ದವರು. ಬಂದವರು ಅಂದರೆ, ಪಕ್ಷ ಗೆಲ್ಲತೊಡಗಿದ ಮೇಲೆ ತಮ್ಮ ಮುಂದಾಳು ರವೀಂದ್ರನ ಹಿಂದೆ ದಂಡುಗಟ್ಟಿ ಆ ಪಕ್ಷದಿಂದ ಈಚೆ ಜಿಗಿದವರು. ಒಂದೇ ಬಾವುಟದ ಕೆಳಗೆ ಎರಡು ಗುಂಪು, ಮುಖ ಕೊಟ್ಟು ಮಾತಿಲ್ಲ. ಇಷ್ಟು ವರ್ಷ ಬಾಳಿದ ಮೇಲೆ ಗಂಡ ತನ್ನನ್ನು ಬಂದವರ ಸಾಲಿಗೆ ನೂಕಿದನಲ್ಲ!

ಮರುದಿನ ಜೋಳ ಬೀಸಿಸಲು ಬಂದ ರವೀಂದ್ರನಿಗೆ ಅವಳೇ ಹೇಳಿದಳು, "ತಮ್ಮಾ, ನನ್ನ ಹೆಸರು ಎತ್ತಪಾ."

ರವೀಂದ್ರ ಕುಣಿದಾಡಿದ. ಮರುಕ್ಷಣವೇ ಜೋಲು ಮೋರೆ. "ಆದರ ಅಕ್ಕಾರ, ನಮ್ಮ ಮಂದಿಗೆ ಓಂ ಬರಂಗಿಲ್ಲ."

ಅದೂ ನಿಜವೇ. ಊರಿನ ಪಕ್ಷದ ಸಭೆಯಲ್ಲಿ ಕೈ ಎತ್ತಿ ಎಣಿಸುವ ಪದ್ಧತಿ ಇಲ್ಲ. ಹೆಸರು ಹೇಳಿದಾಗ ಎಲ್ಲರೂ ಒಟ್ಟಿಗೆ ಓಂ ಅಂದರೆ ಒಪ್ಪಿಗೆ. ಹಿಂದಿನ ಸಭೆಯಲ್ಲಿ ರವೀಂದ್ರನ ಮಂದಿ ಓಂ ಬದಲು ಸಿಳ್ಳೆ ಹೊಡೆದು, ಮುಂದಿನ ಸಾಲಿನ ಹಿರಿಯರು ಕಿವಿ ಮುಚ್ಚಿಕೊಂಡಿದ್ದರು.

"ಎಲ್ಲಾರೂ ಗಿರಣಿಗೆ ಬರ್ರಿ, ನಾ ಕಲಿಸ್ತೀನಿ," ಅಂದಳು ಸಿದ್ದವ್ವ.

ಅಯ್ಯಯ್ಯೋ, ಆ ಪಾಠ ನೋಡಬೇಕಿತ್ತು! ಕೈಯಲ್ಲಿ ಹಿಟ್ಟಿನ ಚೀಲ ಹಿಡಿದು ಗಂಡಸರೆಲ್ಲ ಸಾಲಾಗಿ ನಿಂತರು. ಒಬ್ಬ ಶುರು ಮಾಡುವುದರೊಳಗೆ ಇನ್ನೊಬ್ಬ ಮುಗಿಸಿರುತ್ತಿದ್ದ. ಅಂದಾನಪ್ಪನ ಓಂ ಎಮ್ಮೆ ಒದರಿದ ಹಾಗೆ ಕೇಳಿ, ಎಲ್ಲರೂ ಬಿದ್ದು ಬಿದ್ದು ನಕ್ಕರು. "ಹೊಟ್ಟಿಯಿಂದ ಎತ್ತರಿ, ಮೂಗಿನ್ಯಾಗ ಬಿಡ್ರಿ," ಅಂತ ಸಿದ್ದವ್ವ ಜೋಳ ಅಳೆಯುವ ಸೇರಿನಿಂದಲೇ ತಾಳ ಹಾಕಿದಳು. ಇದ್ದಕ್ಕಿದ್ದಂತೆ ಶಿವಲಿಂಗಪ್ಪ ಬಾಗಿಲಲ್ಲಿ!

"ಏನ್ ನಡದೈತಿ ಇಲ್ಲಿ?"

"ಭಜನಿ," ಅಂದಳು ಸಿದ್ದವ್ವ, ಹಿಟ್ಟು ಬಡಿದ ಮುಖದಲ್ಲಿ ಕಣ್ಣು ಪಿಳಿಪಿಳಿ ಮಾಡುತ್ತ.

"ಅಂತೂ ಇವರಿಗೆ ಸಂಸ್ಕಾರ ಬಂತಲ್ಲ," ಅಂತ ಅವನು ಖುಷಿಯಾಗಿ ಹೋದ.

ಸಭೆಯ ದಿನ ಶಿರಸಿಯಿಂದ ವೀಕ್ಷಕರು ಬಂದರು. ಮೊದಲು ಶಿಲ್ಪಾಳ ಹೆಸರು ಕೇಳಿದರು. ಮುಂದಿನ ಸಾಲಿನಿಂದ ಸಣಕಲು ಓಂ ಎದ್ದು, ಅಲ್ಲೇ ಕೂತಿತು. "ನನಗ ಬ್ಯಾಡ್ರಿ, ಸಿದ್ದವ್ವಕ್ಕ ಆಗಲಿ!" ಅಂದಳು ಶಿಲ್ಪಾ, ಅಪ್ಪ ದುರುಗುಟ್ಟಿ ನೋಡುತ್ತಿದ್ದಂತೆಯೇ. ರವೀಂದ್ರ ಎದ್ದು ಅದೇ ಹೆಸರು ಹೇಳಿದ.

ಆಗ ಹಿಂದಿನಿಂದ ಓಂಕಾರ ಎದ್ದಿತು ನೋಡಿ! ಹೆಂಗಸರು ಸೇರಿಕೊಂಡರು, ಅಂದಾನಪ್ಪನೂ ಸ್ವರ ಹಿಡಿದ. ಹೆಂಚು ನಡುಗುವಂಥ ಓಂ. ಪಾಪ, ಶಿವಲಿಂಗಪ್ಪನದು ಬಾಲ್ಯದ ಅಭ್ಯಾಸ. ಓಂ ಕಿವಿಗೆ ಬಿದ್ದರೆ ಸಾಕು, ಬಾಯಿ ತಾನಾಗಿ ತೆರೆಯುತ್ತದೆ. ಕಣ್ಣು ಮುಚ್ಚಿ, ಎಲ್ಲರಿಗಿಂತ ಉದ್ದಕ್ಕೆ ಎಳೆದ. ಅರ್ಧಕ್ಕೆ ಎಚ್ಚರಾಗಿ ಬಾಯಿ ಮುಚ್ಚಿಕೊಂಡ.

"ಹಾಲಿ ಅಧ್ಯಕ್ಷರೇ ಓಂ ಅಂದ ಮೇಲೆ ಇನ್ನೇನು? ಸರ್ವಾನುಮತ!" ಅಂದರು ವೀಕ್ಷಕರು.

"ಹೊಸ ಅಧ್ಯಕ್ಷರು ನಮ್ಮ ಕಡಿಯವರು!" ರವೀಂದ್ರ ಕೂಗಿದ.

ಶಿವಲಿಂಗಪ್ಪ ಕುರ್ಚಿ ಉರುಳಿಸಿ ಎದ್ದ. "ಯಾವ ನಿಮ್ಮ ಕಡಿ? ಆಕಿ ಮೂಲದಾಕಿ! ನೀವು ಈ ಪಕ್ಷದ ಬಾಗಿಲು ನೋಡೂಕಿಂತ ಮೊದಲಿಂದ ದುಡದಾಕಿ!"

ಇದೇ ಮಾತಿಗಾಗಿ ಸಿದ್ದವ್ವ ಎಷ್ಟು ಹಂಬಲಿಸಿದ್ದಳು! ಅಳು, ನಗು ಎರಡೂ ಒಟ್ಟಿಗೆ ಬಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅಷ್ಟರಲ್ಲಿ ನಮ್ಮಾಕಿ, ನಮ್ಮಾಕಿ ಅಂತ ಎರಡೂ ಗುಂಪು ಜಗಳಕ್ಕೆ ಬಿದ್ದಾಗಿತ್ತು.

"ಕುಂದರ್ರಿ ಎಲ್ಲಾರೂ!" ಗಿರಣಿಯ ಮೋಟರನ್ನು ಮೀರಿಸುವ ಗಂಟಲು ಅದು. ಕೂತರು. "ಇಷ್ಟೊತ್ತು ಮೂಲದಾಕಿ ಅನಿಸಿಕೋಬೇಕಂತ ಒದ್ದಾಡಿದೆ. ಅನಿಸಿಕೊಂಡೆ, ಸಾಕು. ಯಾರು ಮೊದಲ ಬಂದರು, ಯಾರು ಆಮೇಲೆ ಬಂದರು ಅನ್ನೂದು ಇನ್ನ ಈ ಬೂತಿನ್ಯಾಗ ಇಲ್ಲ. ಒಪ್ಪಿದವರು ಓಂ ಅನ್ರಿ."

ಮೂಲದವರು ಬಂದವರನ್ನು ನೋಡಿದರು, ಬಂದವರು ಮೂಲದವರನ್ನು ನೋಡಿದರು. ಶಿವಲಿಂಗಪ್ಪ ಹೆಂಡತಿಯ ಮುಖವನ್ನೇ ನೋಡುತ್ತ ನಿಧಾನ ಎದ್ದು ನಿಂತ. ಈ ಸಲ ಕಣ್ಣು ಮುಚ್ಚದೆ, ಬೇಕೆಂದೇ, ಒಬ್ಬನೇ ಓಂ ಅಂದ.